ಬಳೆ ಕೊಂಡ ಮೇಲೆ ಅಳಿಸಿದ ಮಾತು

"ನನ್ನ ಕೇಳಲಾರ್ದ ನನ್ನ ಮಾತು ಮೊಬೈಲಿನ್ಯಾಗ ತುಂಬಕೊಂಡಿಯೇನ್ ಬೇಟಿ? ಅಳಸು," ಎಂದರು ಕುಷ್ಟಗಿ ಸಂತೆಯಲ್ಲಿ ನನ್ನ ಪಾತ್ರೆ ಅಂಗಡಿಯ ಪಕ್ಕ ಬಳೆ ಮಾರುವ ಹುಸೇನಬಿ.

ಅವರೆದುರು ಕುಳಿತಿದ್ದ ಹುಡುಗಿ ಕಂಪ್ಯೂಟರಿಗೆ ನಮ್ಮ ಭಾಗದ ಆಡುಮಾತು ಕಲಿಸಲು ಧ್ವನಿ ಸಂಗ್ರಹಿಸುತ್ತಿದ್ದಳು. ಮೊಬೈಲ್ ಕಂಡೊಡನೆ ಎಲ್ಲರೂ ಪುಸ್ತಕದ ಕನ್ನಡ ಆಡಿ ಅವಳ ದಿನವೇ ವ್ಯರ್ಥವಾಗಿತ್ತು. "ರೆಕಾರ್ಡಿಂಗ್ ಹಚ್ಚಿ ಅದನ್ನ ಚೀಲದಾಗಿಟ್ಟು ಚೌಕಾಸಿಗೆ ಕುಂದರ್ರಿ, ಖರೇ ಮಾತು ತಾನ ಬರತೈತಿ," ಎಂದು ಉಪಾಯ ಕೊಟ್ಟವನು ನಾನೇ. ಹುಸೇನಬಿಯ ಬಾಯಿಂದ ಅದು ಬಂತು ಕೂಡ. ಆದರೆ ಬಳೆ ಕೊಂಡ ಮೇಲೆ ಅವಳೇ ನಿಜ ಹೇಳಿ ಒಪ್ಪಿಗೆ ಕೇಳಿದಳು. ಹುಸೇನಬಿ ಒಪ್ಪಲಿಲ್ಲ. ಅಳಿಸಬೇಡವೆಂದು ನಾನು ಕಣ್ಣಲ್ಲೇ ಸನ್ನೆ ಮಾಡಿದರೂ, ಹುಡುಗಿ ದಿನದ ಒಂದೇ ಒಳ್ಳೆಯ ಧ್ವನಿಯನ್ನು ಅವರೆದುರೇ ಅಳಿಸಿ ಬಸ್ಸು ಹತ್ತಿದಳು.

ಗಿರಾಕಿ ಕೇಳದೆ ಮಾಲಿನ ಕುಂದು ಹೇಳಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳುವವನು ನಾನು. ಅಂದು ಸಂಜೆ ಮಾತ್ರ ಒಂದು ಕೊಡದ ತಳದ ನಗ್ಗನ್ನು ನಾನೇ ತಿರುಗಿಸಿ ತೋರಿಸಿದೆ. ಗಿರಾಕಿ ಕೊಳ್ಳದೆ ಹೋದ.