ತಿಪ್ಪೇರುದ್ರಮ್ಮನ ಅನುಮಾನಗಳು

ಬೆಳಗಿನ ಐದಕ್ಕೆ ಕೂಡ್ಲಿಗಿಗೆ ಕರೆಂಟು ಬರುತ್ತದೆ. ಐದೂ ಹತ್ತಕ್ಕೆ ತಿಪ್ಪೇರುದ್ರಮ್ಮ ಬರುತ್ತಾರೆ. ನಡುವಿನ ಹತ್ತು ನಿಮಿಷ ಕರೆಂಟಿನ ಪರೀಕ್ಷೆಗೆ ಮೀಸಲು. "ಬಂದದ್ದು ನಿಲ್ತೈತೋ, ಮುಖ ತೋರ್ಸಿ ಹೋಗ್ತೈತೋ ನೋಡಬೇಕಲ್ರಿ," ಎನ್ನುತ್ತಾ ಕುರಿ ಸಾಕಣೆದಾರರ ಸಂಘದ ಬಾಗಿಲಿಗೆ ಟಾರ್ಚು ಬಿಡುತ್ತಾರೆ. ಬೀಗ ನಿನ್ನೆ ಸಂಜೆ ಬಿಟ್ಟುಹೋದಂತೆಯೇ, ಅಚ್ಚೊತ್ತಿದ ಹೆಸರು ಬಾಗಿಲ ಕಡೆಗಿರುವಂತೆ ನೇತಾಡುತ್ತಿದೆ. ಹಾಗೆ ತಿರುಗಿಸಿ ಹೋಗುವವರು ಅವರೊಬ್ಬರೇ. ಬೇರೆ ಯಾರಾದರೂ ತೆಗೆದು ಹಾಕಿದ್ದರೆ ಹೆಸರು ಈಚೆ ಕಡೆ ಇರುತ್ತಿತ್ತು.

ಒಳಗೆ ಉಣ್ಣೆಯ ವಾಸನೆ. ಕಂಪ್ಯೂಟರಿಗೆ ಹೊದಿಸಿದ ಕರಿ ಕಂಬಳಿಯ ತುಂಡನ್ನು ತೆಗೆಯುವ ಮೊದಲು ಅದರ ಮಡಿಕೆ ನೋಡುತ್ತಾರೆ. ಕೈಚೀಲದಿಂದ ಶಾಲೆ ಮಕ್ಕಳ ನೂರು ಹಾಳೆಯ ನೋಟುಬುಕ್ಕು ಹೊರಬರುತ್ತದೆ. ನಿನ್ನೆ ಮನೆಗೆ ಹೋಗುವಾಗ ಯಂತ್ರ ಬರೆದುಕೊಂಡಿದ್ದ ಕೊನೆಯ ಸಾಲು ಅದರಲ್ಲಿ ಪೆನ್ನಿನಿಂದ ಇಳಿದಿದೆ. ಪರದೆಯ ಮೇಲೆ ಬೆರಳಿಟ್ಟು ಎರಡನ್ನೂ ಹೋಲಿಸುತ್ತಾರೆ. "ಸರಿ ಐತಿ," ಎನ್ನುತ್ತಾರೆ. ಆ ಮಾತಿನಲ್ಲಿ ಸಮಾಧಾನಕ್ಕಿಂತ ನಿರಾಶೆಯೇ ಹೆಚ್ಚು ಕೇಳಿಸುತ್ತದೆ.

ಗುಡೇಕೋಟೆಯಲ್ಲಿ ಹುಟ್ಟಿ, ದಾವಣಗೆರೆಯಲ್ಲಿ ಡಿಪ್ಲೊಮಾ ಓದಿದ ಇವರಿಗೀಗ ಮೂವತ್ತಾರು. ಹಾಜರಿ ಪುಸ್ತಕದಲ್ಲಿ ಇವರ ಹುದ್ದೆ 'ಡಾಟಾ ಎಂಟ್ರಿ, ತಾತ್ಕಾಲಿಕ'. ಏಳು ವರ್ಷದಿಂದ ತಾತ್ಕಾಲಿಕ. ಸಂಘದ ಕುರಿಗಳ ಲೆಕ್ಕವಿಡುವ ಪ್ರೋಗ್ರಾಮನ್ನು 2005ರಲ್ಲಿ ಬಳ್ಳಾರಿಯ ಒಂದು ಕಂಪನಿ ಜಾವಾದಲ್ಲಿ ಬರೆದುಕೊಟ್ಟಿತು. ಮರುವರ್ಷವೇ ಬೋರ್ಡು ಇಳಿಸಿತು. ಬರೆದವನ ಫೋನು 'ಚಾಲ್ತಿಯಲ್ಲಿಲ್ಲ'. ಅಂದಿನಿಂದ ಆ ಹನ್ನೊಂದು ಸಾವಿರ ಸಾಲುಗಳ ದೆವ್ವವನ್ನು ಹಿಡಿದು ಕಟ್ಟಿಹಾಕಿರುವವರು ತಿಪ್ಪೇರುದ್ರಮ್ಮ. ಗುರು ಎಂದರೆ ಹೊಸಪೇಟೆಯಲ್ಲಿ ಝೆರಾಕ್ಸ್ ಮಾಡಿಸಿ ತಂದ ಒಂದು ದಪ್ಪ ಪುಸ್ತಕ. ಅದರಲ್ಲಿ 211ನೇ ಪುಟ ಎರಡು ಸಲ ಬಂದಿದೆ, 212 ಇಲ್ಲ. ಆ ಪುಟದಲ್ಲಿ ಏನಿತ್ತು ಎನ್ನುವುದು ಅವರ ಬಹುಕಾಲದ ಅನುಮಾನ. ಕಚೇರಿಯವರ ಪ್ರಕಾರ ಮಾತ್ರ ಇವರು ಟೈಪು ಮಾಡುತ್ತಾರೆ.

ದಿನದ ಲೆಕ್ಕ ಹೀಗಿದೆ. ಐವತ್ತೆಂಟು ಹಳ್ಳಿ, ಕಿವಿಗೆ ನಂಬರಿನ ಬಿಲ್ಲೆ ಬಿದ್ದ ನಲವತ್ತಮೂರು ಸಾವಿರ ಕುರಿ, ವರ್ಷಕ್ಕೆ ಮೂರು ಸುತ್ತು ಲಸಿಕೆ, ದಿನಕ್ಕೆ ಮುನ್ನೂರ ನಲವತ್ತು ಎಂಟ್ರಿ. ಕರೆಂಟು ಬೆಳಿಗ್ಗೆ ಮೂರು ತಾಸು, ಮಧ್ಯಾಹ್ನ ಅದರ ಮರ್ಜಿ. ಯುಪಿಎಸ್ ಅರ್ಧ ತಾಸು ತಡೆಯುತ್ತದೆ ಎಂದು ಅದರ ಮೈಮೇಲೆ ಬರೆದಿದೆ, ತಡೆಯುವುದು ನಾಲ್ಕು ನಿಮಿಷ. "ಅದು ಸುಳ್ಳು ಹೇಳ್ತೈತಿ ಅಂತ ಗೊತ್ತೈತಲ್ರಿ, ಅಷ್ಟರಮಟ್ಟಿಗೆ ಅದು ಪ್ರಾಮಾಣಿಕ," ಎನ್ನುತ್ತಾರೆ ರುದ್ರಮ್ಮ.

ಈ ಪ್ರೋಗ್ರಾಮಿನಲ್ಲಿ ಅವರಿಗೆ ಮೆಚ್ಚುಗೆಯಾದ ಭಾಗ ಒಂದೇ: ಸಾಕ್ಷಿ ಕಡತ. ಯಾವುದೇ ಕುರಿಯ ವಿವರ ಬದಲಾದರೂ ಯಾರು, ಯಾವಾಗ, ಏನಿದ್ದದ್ದನ್ನು ಏನು ಮಾಡಿದರು ಎಂದು ಒಂದು ಸಾಲು ಅದರಲ್ಲಿ ತಾನಾಗಿ ಬೀಳಬೇಕು. ಇದನ್ನು ಒಂದೊಂದು ಕೆಲಸದೊಳಗೂ ಬರೆಯುತ್ತ ಕೂರುವ ಬದಲು ಒಂದೇ ಕಡೆ ಬರೆದು, ಎಲ್ಲ ಕೆಲಸಗಳಿಗೂ ಹೊರಗಿನಿಂದ ಹೊದಿಸಿಬಿಡುವ ವಿದ್ಯೆ ಒಂದಿದೆ. ಬಲ್ಲವರು ಅದನ್ನು ಆಸ್ಪೆಕ್ಟ್ ಎನ್ನುತ್ತಾರೆ. ಹೊದಿಸಲು ಒಬ್ಬ ಬದಲಿ ಬೇಕು, ಅವನೇ ಪ್ರಾಕ್ಸಿ. ಕಾಲೇಜಿನಲ್ಲಿ ಗೆಳೆಯನ ಪರವಾಗಿ 'ಎಸ್ ಸಾರ್' ಎನ್ನುತ್ತಿದ್ದವನ ದೂರದ ನೆಂಟ. ಕೆಲಸ ಕೇಳಿಕೊಂಡು ಬಂದವರು ಅಸಲಿ ಯಜಮಾನನನ್ನು ಕಾಣುವ ಮೊದಲು ಇವನ ಕೈಯನ್ನು ಹಾಯಬೇಕು. ಇವನು ಸಾಕ್ಷಿ ಬರೆದುಕೊಂಡು ಒಳಕ್ಕೆ ಬಿಡುತ್ತಾನೆ.

ಬದಲಿಯಲ್ಲಿ ಎರಡು ಜಾತಿ. ಒಬ್ಬ ಪಟ್ಟಿಯ ಬದಲಿ. ಇಂಟರ್‌ಫೇಸ್ ಎಂಬ ಕೆಲಸಗಳ ಪಟ್ಟಿ ಹಿಡಿದು ಬಾಗಿಲಲ್ಲಿ ಕೂರುವವನು, ಪಟ್ಟಿಯಲ್ಲಿರುವುದಷ್ಟೇ ಅವನಿಗೆ ಗೊತ್ತು. ಇನ್ನೊಬ್ಬ ಮಗನಾಗಿ ಬರುವವನು. ಅಸಲಿಗೇ ಒಂದು ಸಬ್‌ಕ್ಲಾಸ್ ಹುಟ್ಟಿಸಿ, ಅಪ್ಪ ಮಾಡುವುದನ್ನೆಲ್ಲ ಮಗನ ಕೈಯಿಂದ ಹಾಯಿಸುವುದು. ಅವನಿಗೆ ಪಟ್ಟಿ ಬೇಡ. ಕಂಪನಿಯವನು ಪಟ್ಟಿಯವನನ್ನು ಕೂರಿಸಿ ಹೋಗಿದ್ದ. ಅವನಿದ್ದಷ್ಟು ದಿನ ಹೊಸ ಕೆಲಸ ಯಾವುದು ಬಂದರೂ ಪಟ್ಟಿಯಲ್ಲೊಮ್ಮೆ, ಕೆಲಸದಲ್ಲೊಮ್ಮೆ, ಎರಡು ಕಡೆ ಬರೆಯಬೇಕು. 2007ರ ಮಾರ್ಚಿನಲ್ಲಿ ಇಲಾಖೆಯಿಂದ ಒಂದೇ ಸಲಕ್ಕೆ ಹದಿನಾಲ್ಕು ಹೊಸ ನಮೂನೆ ಬಂದವು. ಒಂದು ಬೆಳಿಗ್ಗೆ ಏಳೂ ನಲವತ್ತಕ್ಕೆ, ಎಂಟಕ್ಕೆ ಕರೆಂಟು ಹೋಗುವ ಭಯದಲ್ಲಿ, ರುದ್ರಮ್ಮ ಸೆಟ್ಟಿಂಗಿನಲ್ಲಿ ಒಂದೇ ಒಂದು ಪದ ಬದಲಿಸಿ ಪಟ್ಟಿಯವನನ್ನು ಎಬ್ಬಿಸಿ ಮಗನನ್ನು ಕೂರಿಸಿದರು. ಎಲ್ಲವೂ ಓಡಿತು. ಯಾರಿಗೂ ಹೇಳಲಿಲ್ಲ. ಹೇಳಿದ್ದರೂ ಕೇಳುವವರು ಯಾರಿದ್ದರು?

ಆಗಸ್ಟಿನಲ್ಲಿ ಗುಡೇಕೋಟೆಯ ಪಾಲಯ್ಯನ ಹಿಂಡಿನಲ್ಲಿ ಹತ್ತೊಂಬತ್ತು ಕುರಿ ಕರುಳುಬೇನೆಯಿಂದ ಸತ್ತವು. ಸಂಘದ ಕಂಪ್ಯೂಟರು ಆ ಹಿಂಡಿಗೆ ಜೂನ್ ನಾಲ್ಕರಂದೇ ಲಸಿಕೆ ಹಾಕಿದೆ ಎನ್ನುತ್ತಿತ್ತು. ಪಾಲಯ್ಯ ಕಚೇರಿಗೆ ಬಂದು ನಿಂತು, "ಜೂನ್‌ನಾಗ ನನ್ನ ಹಿಂಡು ಹೊಳಲು ಊರಿನ ಕಡಿ ಹೊಲದಾಗಿತ್ತು. ನಿಮ್ಮ ಸೂಜಿ ಏನು ಹಾರ್ಕೊಂಡು ಬಂದಿತ್ತೇನು?" ಎಂದು ಕೇಳಿದ. ಉತ್ತರ ಹೇಳುವುದು ಲಸಿಕೆ ಹಾಕುವ ಏಕಾಂತಪ್ಪನ ಪಾಲಿಗೆ ಬಂತು. ಐವತ್ತೆರಡರ ಏಕಾಂತಪ್ಪ ಐಸ್ ಡಬ್ಬಿ ಹೆಗಲಿಗೆ ಹಾಕಿಕೊಂಡು ಹದಿನೆಂಟು ವರ್ಷದಿಂದ ಹಟ್ಟಿ ಹಟ್ಟಿ ಸುತ್ತುತ್ತಿರುವ ಮನುಷ್ಯ. ಅವನ ಕೈಬರಹದ ಪುಸ್ತಕದಲ್ಲಿ ಆ ದಿನ 'ಹಿಂಡು ಊರಲ್ಲಿಲ್ಲ, ಬಾಕಿ' ಎಂದಿತ್ತು. ಜೂನ್ ಆರರಂದು ರುದ್ರಮ್ಮ ಹಾಗೆಯೇ ಎಂಟ್ರಿ ಮಾಡಿದ್ದಕ್ಕೆ ಸಾಕ್ಷಿ ಕಡತದಲ್ಲಿ ಸಾಲೂ ಇತ್ತು. ಆದರೆ ಆ 'ಬಾಕಿ' ಯಾವಾಗ 'ಆಗಿದೆ' ಆಯಿತು, ಯಾರು ಮಾಡಿದರು ಎನ್ನುವುದಕ್ಕೆ ಸಾಲು ಇರಲಿಲ್ಲ.

ಸಂಘದ ಕಾರ್ಯದರ್ಶಿ ಜಂಬುನಾಥ ಇದನ್ನು ಸಲೀಸಾಗಿ ಬಿಡಿಸಿದರು. ಬದಲಾವಣೆ ಇದೆ, ಸಾಲಿಲ್ಲ, ಅಂದರೆ ಯಾರೋ ಸಾಲು ಅಳಿಸಿದ್ದಾರೆ. ಬಾಕಿ ಉಳಿದರೆ ಕೆಟ್ಟ ಹೆಸರು ಯಾರಿಗೆ? ಏಕಾಂತಪ್ಪನಿಗೆ. "ಕಂಪ್ಯೂಟರ್ ರೂಮಿಗೆ ಚಾ ಕುಡಿಯಾಕ ಬರೋನು ಯಾರು?" ಎಂದು ಎಲ್ಲರ ಮುಂದೆ ಕೇಳಿದರು. ಅದಕ್ಕೂ ಉತ್ತರ ಏಕಾಂತಪ್ಪನೇ. ಸೆಪ್ಟೆಂಬರ್ ಹನ್ನೆರಡರ ಆಡಳಿತ ಮಂಡಳಿ ಸಭೆಯಲ್ಲಿ ಅವನನ್ನು ಕೆಲಸದಿಂದ ತೆಗೆಯುವ ವಿಷಯ ಕಾರ್ಯಸೂಚಿಗೆ ಬಂತು.

ರುದ್ರಮ್ಮನಿಗೂ ಅನುಮಾನ ಅವನ ಮೇಲೆಯೇ. ಮುಚ್ಚಿಡುವುದಿಲ್ಲ: "ಅಣ್ಣ ಅಂತೀನಿ ಖರೆ. ಆದ್ರ ನಾ ಚಾ ತರಾಕ ಹೋದಾಗ ಆತ ಒಬ್ಬನ ಒಳಗಿರ್ತಿದ್ನಲ್ರಿ." ಆಮೇಲೆ ಜಂಬುನಾಥರ ಮೇಲೆ, ಅವರ ಕೋಣೆಯಲ್ಲೂ ಒಂದು ಕಂಪ್ಯೂಟರಿದೆ. ಆಮೇಲೆ ಓಡಿಹೋದ ಕಂಪನಿಯವನ ಮೇಲೆ. ಕಸ ಹೊಡೆಯುವವರಿಗೂ ಒಂದು ಬೆಳಿಗ್ಗೆ ಅಡ್ಡಪ್ರಶ್ನೆ ಹಾಕಿದ್ದುಂಟು. ಅನುಮಾನದಿಂದ ಬಿಡುಗಡೆ ಪಡೆದವರು ತಾಲ್ಲೂಕಿನಲ್ಲಿ ಒಬ್ಬರೇ. ಅವರ ಹೆಸರು ತಿಪ್ಪೇರುದ್ರಮ್ಮ.

ಸಭೆಗೆ ಮೂರು ದಿನವಿದ್ದಾಗ ಬೆಳಿಗ್ಗೆ ಆರಕ್ಕೆ ಏಕಾಂತಪ್ಪ ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ.

"ತಂಗೆಮ್ಮ, ನಾ ಅಳಿಸೇನಿ ಅಂತ ನೀನೂ ಅಂತೀಯೇನು?"

ರುದ್ರಮ್ಮ ಬಿಲ್ಲೆಯಿಲ್ಲದ ಮರಿಗಳ ಪಟ್ಟಿ ತೆಗೆದರು. "ಏಕಾಂತಣ್ಣ, ಅದಿರ್ಲಿ. ಪಾಲಯ್ಯನ ಮನಿಯಾಗ ಇಪ್ಪತ್ತಾರು ಮರಿ ಅದಾವು, ಒಂದಕ್ಕೂ ಕಿವಿಗೆ ಬಿಲ್ಲಿ ಇಲ್ಲ. ಅದ್ಯಾಕ ಹಾಕ್ಲಿಲ್ಲ ನೀನು?"

"ಹಾಕಾಕ ಬಿಡಬೇಕಲ್ಲವ್ವ! ಪಾಲಯ್ಯ ಹಿಂಡಿನ ಜೊತಿ ಹೋಗಿರ್ತಾನ. ಮನ್ಯಾಗ ಮಗ ಹುಲುಗೇಶ ಅದಾನ. ಅಪ್ಪನ ಕೆಲಸ ಎಲ್ಲಾ ಅವನ ಮಾಡ್ತಾನ. ಹಾಲು ಕುಡಿಸ್ತಾನ, ಉಣ್ಣೆ ಕತ್ತರಿಸ್ತಾನ, ಯಾಪಾರನೂ ಮಾಡ್ತಾನ. ಕಿವಿಗೆ ಮಾತ್ರ ಕೈ ಹಚ್ಚಂಗಿಲ್ಲ. ಅವ್ರ ಮನ್ಯಾಗ ಮರಿ ಕಿವಿಗೆ ಗುರುತು ಹಾಕೋದು ಯಜಮಾನನ ಕೈಯಿಂದನ ಆಗಬೇಕಂತ. ಅಪ್ಪ ಮುಟ್ಟಬ್ಯಾಡ ಅಂದಾನ, ಇವ ಮುಟ್ಟಂಗಿಲ್ಲ. 'ಎಷ್ಟು ಮರಿ ಆಗ್ಯಾವಪ್ಪ?' ಅಂದ್ರ ಅದನ್ನೂ ಬರದಿಟ್ಟಿಲ್ಲ. ಕಿವಿ ಮಾತು ಬಂತಂದ್ರ ಮುಖ ತಿರುಗಿಸಿ ನಿಂದಿರ್ತಾನ."

ರುದ್ರಮ್ಮ ಪೆನ್ನು ಕೆಳಗಿಟ್ಟರು. "ಏನಂದಿ? ಮಗ ಎಲ್ಲಾ ಮಾಡ್ತಾನ, ಅಪ್ಪ ಬ್ಯಾಡ ಅಂದದ್ದೊಂದು ಬಿಟ್ಟು?"

"ಹೂನವ್ವ. ಭಾಳ ವಿಧೇಯ ಮಗ."

ಏಕಾಂತಪ್ಪ ಬಾಗಿಲಲ್ಲಿ ನಿಂತೇ ಇದ್ದ. ರುದ್ರಮ್ಮ ಅಪ್ಪನನ್ನು ಹುಡುಕಲು ಹೊರಟಿದ್ದರು, ಪ್ರೋಗ್ರಾಮಿನೊಳಗಿನ ಅಪ್ಪನನ್ನು. ನಲವತ್ತೊಂದು ಕೆಲಸಗಳಲ್ಲಿ ಒಂದರ ತಲೆಯ ಮೇಲೆ ಕಂಪನಿಯವನು 'ಫೈನಲ್' ಎಂದು ಬರೆದಿದ್ದ. ಅದರರ್ಥ, ಇದನ್ನು ಮಕ್ಕಳು ಯಾರೂ ತಮ್ಮ ರೀತಿಯಲ್ಲಿ ಮಾಡಕೂಡದು. ಹಾಗಾಗಿ ಆ ಕೆಲಸಕ್ಕೆ ಬಂದವರನ್ನು ಮಗ ತಡೆದು ಸಾಕ್ಷಿ ಬರೆಯಲಾರ. ಕೆಲಸಕ್ಕೆ ಕುರಿಗಳ ಲೆಕ್ಕದವರೆಗೆ ತನ್ನದೇ ನೇರ ದಾರಿಯಿದ್ದದ್ದರಿಂದ ಅದು ನಿಲ್ಲದೆ ನಡೆಯಿತು. ತಪ್ಪಿನ ಸೂಚನೆಯೂ ಇಲ್ಲ, ಸಾಲೂ ಇಲ್ಲ. ಪಟ್ಟಿಯವನಿದ್ದಾಗ ಈ ತೊಂದರೆ ಇರಲಿಲ್ಲ. ಅವನು ಯಾರ ಮಗನೂ ಅಲ್ಲ, ಫೈನಲ್ ಎಂಬ ಮಾತು ಅವನನ್ನು ಕಟ್ಟುವುದಿಲ್ಲ. ಕೆಲಸದ ಹೆಸರು ಪಟ್ಟಿಯಲ್ಲಿತ್ತು, ಬರೆದುಕೊಳ್ಳುತ್ತಿದ್ದ.

ಆ ಕೆಲಸದ ಹೆಸರು 'ಇಡೀ ಊರು'. ಒಂದು ಗುಂಡಿ ಒತ್ತಿದರೆ ಆ ಊರಿನಲ್ಲಿ ಬಾಕಿಯಿರುವ ಹಿಂಡುಗಳೆಲ್ಲ ಒಂದೇ ತಾರೀಕಿಗೆ 'ಆಗಿದೆ' ಆಗುತ್ತವೆ. ಗುಂಡಿ ಇರುವುದು ಎರಡು ಪರದೆಗಳ ಮೇಲೆ: ಒಂದು ರುದ್ರಮ್ಮನದು, ಇನ್ನೊಂದು ಕಾರ್ಯದರ್ಶಿಯವರದು.

ರುದ್ರಮ್ಮ ಒಂದು ಪ್ರಯೋಗ ಮಾಡಿದರು. ಇಲ್ಲದ ಊರೊಂದನ್ನು ಸೃಷ್ಟಿಸಿ, ಇಲ್ಲದ ಐದು ಕುರಿ ಸೇರಿಸಿ, ಗುಂಡಿ ಒತ್ತಿದರು. ಕುರಿಗಳಿಗೆ ಲಸಿಕೆ ಆಯಿತು. ಸಾಕ್ಷಿ ಕಡತ ಕಲ್ಲಿನಂತೆ ಕೂತಿತ್ತು. ಸೆಟ್ಟಿಂಗಿನಲ್ಲಿ ಮಾರ್ಚಿನ ಆ ಪದ ತೆಗೆದು ಪಟ್ಟಿಯವನನ್ನು ಮತ್ತೆ ಕೂರಿಸಿ, ಕುರಿಗಳನ್ನು ಮತ್ತೆ 'ಬಾಕಿ' ಮಾಡಿ, ಗುಂಡಿ ಒತ್ತಿದರು. ಸಾಲು ಬಿತ್ತು. ಎಂಟಕ್ಕೆ ಕರೆಂಟು ಹೋಯಿತು. "ಆರಿದ ಪರದಿ ಮುಂದ ಕುಂತು ನಕ್ಕೆ ನೋಡ್ರಿ. ಕಳ್ಳನ್ನ ಹಿಡಿಯಾಕ ಇಷ್ಟು ದಿನ ಬೀಗ ತಿರುಗಿಸಿ ತಿರುಗಿಸಿ ಹಾಕಿದ್ದೆ. ಗ್ವಾಡಿ ಒಡೆದಾಕಿ ನಾನ."

ಫೈನಲ್ ಎಂಬ ಒಂದು ಪದ ಅಳಿಸಿದ್ದರೆ ಮಗನನ್ನೇ ಇಟ್ಟುಕೊಳ್ಳಬಹುದಿತ್ತು. ಎರಡು ನಿಮಿಷದ ಕೆಲಸ, ಯಾರಿಗೂ ತಿಳಿಯುತ್ತಲೂ ಇರಲಿಲ್ಲ. ರುದ್ರಮ್ಮ ಅದನ್ನು ಆರಿಸಲಿಲ್ಲ. ಹದಿನಾಲ್ಕು ಹೊಸ ಕೆಲಸಗಳನ್ನೂ ಎರಡು ಬೆಳಿಗ್ಗೆ ಕೂತು ಪಟ್ಟಿಗೆ ಇಳಿಸಿದರು. ಕಾರಣ ಕೇಳಿದರೆ ಹೀಗೆನ್ನುತ್ತಾರೆ: "ಮಗ ಒಂದು ಕೆಲಸ ಬಿಟ್ರ ಬಿಟ್ಟೀನಿ ಅಂತ ಹೇಳಂಗಿಲ್ರಿ, ಸುಮ್ನಿರ್ತಾನ. ಪಟ್ಟಿಯಾಗ ಇಲ್ಲದ್ದನ್ನ ಕರೆಯಾಕ ಹೋದ್ರ ಪ್ರೋಗ್ರಾಮು ಅಲ್ಲೇ ಮುರಕೊಂಡು ಬಿದ್ದು ಒದರ್ತೈತಿ. ಒದರೋರನ್ನ ನಂಬಬೌದು. ಸುಮ್ನಿರೋರ ಮ್ಯಾಲ ನಂಗ ಅನುಮಾನ." ಹಾಗೆಂದು ಪಟ್ಟಿಯವನನ್ನೂ ಪೂರ್ತಿ ನಂಬಿಲ್ಲ. ಒಂದು ಕೆಲಸ ಒಳಗಿಂದೊಳಗೆ ಇನ್ನೊಂದನ್ನು ಕರೆದುಕೊಂಡರೆ ಬಾಗಿಲಲ್ಲಿ ಕೂತ ಯಾವ ಬದಲಿಗೂ ಅದು ಕಾಣಿಸುವುದಿಲ್ಲ, ಕುರಿ ರೊಪ್ಪದೊಳಗೇ ಹುಟ್ಟಿದ ಮರಿ ಬಾಗಿಲ ಎಣಿಕೆಗೆ ಸಿಗದಂತೆ. ನೋಟುಬುಕ್ಕು ಕೈಚೀಲದಲ್ಲಿ ಇನ್ನೂ ಇರುವುದು ಅದಕ್ಕೇ.

ಹನ್ನೆರಡರ ಸಭೆಗೆ ರುದ್ರಮ್ಮನನ್ನು ಕರೆದಿರಲಿಲ್ಲ. ಚಹಾ ಲೋಟಗಳ ಜೊತೆಗೇ ಒಳಹೊಕ್ಕು, ಅಧ್ಯಕ್ಷ ಅಜ್ಜಯ್ಯನವರ ಎದುರು ನಿಂತರು. "ಯಜಮಾನ್ರ, ಸಾಲು ಯಾರೂ ಅಳಿಸಿಲ್ರಿ. ಅದು ಬಿದ್ದೇ ಇಲ್ಲ. ಮಾರ್ಚಿನಿಂದ ಈ ಒಂದು ಗುಂಡಿಗೆ ಕಾವಲು ಇರ್ಲಿಲ್ಲ. ಕಾವಲು ತೆಗೆದಾಕಿ ನಾನು."

ಜಂಬುನಾಥ ಕನ್ನಡಕ ತೆಗೆದರು. "ಅಂದ್ರ ತಪ್ಪು ನಿಮ್ದು ಅಂತ ಒಪ್ಕೊಂಡಂಗಾತು?"

"ಹೌದ್ರಿ. ನಂದ."

"ಹಂಗಾರ ಮಾರ್ಚಿನಿಂದ ಈಚಿಗೆ ಆ ಗುಂಡಿ ಯಾರು ಒತ್ಯಾರ ಅಂತ ತಿಳಿಯಾಕ ದಾರಿ ಇಲ್ಲ?"

"ಇಲ್ರಿ."

"ಏನು ಮಾಡಿದ್ರೂ ತಿಳಿಯಂಗಿಲ್ಲ?"

"ಇಲ್ರಿ. ಇವತ್ತಿನಿಂದ ತಿಳೀತೈತಿ."

ಜಂಬುನಾಥ ಮೂರನೆಯ ಸಲವೂ ಅದನ್ನೇ ಕೇಳಿ, ಕನ್ನಡಕ ಹಾಕಿಕೊಂಡರು. ಮೂರು ಸಲ ಕೇಳಿದ್ದನ್ನು ಸಭೆಯಲ್ಲಿ ಒಬ್ಬರು ಮಾತ್ರ ಎಣಿಸಿಕೊಂಡರು. ನೋಟುಬುಕ್ಕಿನಲ್ಲಿ ಅದೂ ಇದೆ.

ಇಲ್ಲದ ಸಾಲನ್ನು ಅಳಿಸಿದ ಆರೋಪ ಬಿದ್ದುಹೋಯಿತು. ಏಕಾಂತಪ್ಪ ಕೆಲಸದಲ್ಲಿ ಉಳಿದ. ಪಾಲಯ್ಯನ ಉಳಿದ ಕುರಿಗಳಿಗೆ ಮರುದಿನವೇ ಸೂಜಿ ಬಿತ್ತು. ರುದ್ರಮ್ಮನಿಗೆ ಒಂದು ಎಚ್ಚರಿಕೆ ಪತ್ರ ಸಿಕ್ಕಿತು: 'ಪ್ರೋಗ್ರಾಂ ಬರೆಯುವಲ್ಲಿ ತೋರಿದ ನಿರ್ಲಕ್ಷ್ಯಕ್ಕಾಗಿ'. ಅವರು ಪ್ರೋಗ್ರಾಂ ಬರೆಯುತ್ತಾರೆ ಎನ್ನುವುದಕ್ಕೆ ಸಂಘದ ದಾಖಲೆಯಲ್ಲಿರುವ ಏಕೈಕ ಪುರಾವೆ ಇದು. ಮಡಿಸಿ, ಕೀಬೋರ್ಡಿನ ಕೆಳಗೆ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಸಭೆಯಾಗಿ ಎರಡು ತಿಂಗಳಾಯಿತು. 'ಇಡೀ ಊರು' ಗುಂಡಿಯನ್ನು ಅಂದಿನಿಂದ ಯಾರೂ ಒತ್ತಿಲ್ಲ.

ಏನು ಆಸೆ ಎಂದು ಕೇಳಿದರೆ ರುದ್ರಮ್ಮ ಕಾಯಂ ಕೆಲಸ ಕೇಳುವುದಿಲ್ಲ, ಹೊಸ ಯುಪಿಎಸ್ಸನ್ನೂ ಕೇಳುವುದಿಲ್ಲ. "ಎಲ್ಲಾರ ಮ್ಯಾಲ ನಾ ಅನುಮಾನ ಪಡ್ತೀನಿ. ನನ್ನ ಮ್ಯಾಲ ಪಡೋರು ಒಬ್ರು ಬೇಕ್ರಿ. ನಾ ಬರೆದದ್ದು ಓದಿ, ಇಲ್ಲಿ ತಪ್ಪೈತಿ ಅನ್ನೋರು. ಕೂಡ್ಲಿಗಿಯಾಗ ಇಲ್ಲ, ಕೊಟ್ಟೂರಾಗ ಕೇಳ್ದೆ, ಹಗರಿಬೊಮ್ಮನಹಳ್ಳಿಯಾಗೂ ಕೇಳ್ದೆ."

ಅಷ್ಟರಲ್ಲಿ ಐಸ್ ಡಬ್ಬಿ ಬಾಗಿಲ ಹೊರಗಿಳಿದ ಸದ್ದು. ಏಕಾಂತಪ್ಪ ಒಳಗೆ ಬಂದು, ಕೇಳದೆಯೇ ಕುರ್ಚಿ ಎಳೆದುಕೊಂಡು, ತನ್ನ ಕೈಬರಹದ ಪುಸ್ತಕ ಬಿಚ್ಚುತ್ತಾನೆ.

"ನಿನ್ನಿನ ಸಾಲು ತೋರ್ಸು ತಂಗೆಮ್ಮ."

ಒಂದೊಂದು ಸಾಲಿಗೂ ಹೆಬ್ಬೆರಳಿಟ್ಟು ಓದುತ್ತಾನೆ. ಮುಗಿಸಿ, ಮತ್ತೆ ಮೊದಲಿನಿಂದ ಶುರುಮಾಡುತ್ತಾನೆ.

"ಏನಣ್ಣ, ನನ್ನ ಮ್ಯಾಲ ನಂಬಿಕಿ ಇಲ್ಲೇನು?"

"ಇಲ್ಲ," ಎನ್ನುತ್ತಾನೆ ಏಕಾಂತಪ್ಪ, ತಲೆಯೆತ್ತದೆ.

ತಿಪ್ಪೇರುದ್ರಮ್ಮನ ಮುಖ ಅರಳುತ್ತದೆ. ಅವನಿಗೆ ಚೆನ್ನಾಗಿ ಕಾಣಲೆಂದು ಪರದೆಯನ್ನು ಅವನ ಕಡೆಗೆ ತಿರುಗಿಸುತ್ತಾರೆ.