ಮೌನೇಶ ತೆಗೆದುಹಾಕಿದ ಅಲುಗಾಟ

ಸುದ್ದಗುಂಟೆಪಾಳ್ಯದಲ್ಲಿ ನನ್ನ ಹೊಲಿಗೆ ಅಂಗಡಿಯ ಪಕ್ಕದ್ದೇ ಮೌನೇಶನ ಕಂಪ್ಯೂಟರ್ ಅಂಗಡಿ. ಸುರಪುರದ ಕಡೆಯವನು. ಮಧ್ಯಾಹ್ನಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಮಾತು ಕಡಿಮೆ, ಜಂಬ ಜಾಸ್ತಿ. ಎರಡು ಸಾವಿರದ ಆರನೇ ಇಸವಿ. ಬಿಟಿಎಂ, ಜಯನಗರದ ಕಾಲೇಜು ಹುಡುಗರು ತಾವು ಆಡಿದ ಕಂಪ್ಯೂಟರ್ ಆಟವನ್ನು ರೆಕಾರ್ಡ್ ಮಾಡಿ ಇವನ ಹತ್ತಿರ ತರುತ್ತಿದ್ದರು. ಹತ್ತು ನಿಮಿಷದ ಆಟವೇ ಹಾರ್ಡ್‌ಡಿಸ್ಕಿನಲ್ಲಿ ಮಣಗಟ್ಟಲೆ ಜಾಗ ತಿಂದಿರುತ್ತಿತ್ತು. ಅದನ್ನು ಕುಗ್ಗಿಸಿ, ಚಿತ್ರ ಮಸುಕಾಗದಂತೆ ಒಂದು ಸೀಡಿಗೆ ಹಿಡಿಸಿ ಕೊಡುವುದು ಇವನ ಕಸುಬು.

ಹೇಗೋ ಎಂದು ಕೇಳಿದರೆ, "ಅಲುಗಾಡೂದನ್ನಷ್ಟ ಇಟ್ಕೋತೀನ್ರಿ ಅಕ್ಕಾರ. ಸುಮ್ಮನ ನಿಂತ ಗ್ವಾಡಿನ ಮತ್ತ ಮತ್ತ ಯಾಕ ಬರೀಬೇಕು?" ಎನ್ನುತ್ತಿದ್ದ. ಉಳಿದ ವಿವರವೆಲ್ಲ ನನಗೆ ಕೋಣನ ಮುಂದೆ ಕಿನ್ನರಿ. ಕೆಲಸ ಮುಗಿದ ಕೂಡಲೇ ತನ್ನ ಕಂಪ್ಯೂಟರಿಗೆ ಇಳಿಸಿಕೊಂಡಿದ್ದ ಮೂಲ ಫೈಲನ್ನು ಅಳಿಸಿಬಿಡುವುದು ಅವನ ರೂಢಿ. ಇಲ್ಲದಿದ್ದರೆ ಮುಂದಿನ ಕೆಲಸಕ್ಕೆ ಜಾಗವಿರುತ್ತಿರಲಿಲ್ಲ.

ಆ ಶ್ರಾವಣದಲ್ಲಿ ಜಯನಗರದ ಸೇತುರಾಮರಾಯರು ಹಾರ್ಡ್‌ಡಿಸ್ಕನ್ನು ಟವಲಿನಲ್ಲಿ ಸುತ್ತಿಕೊಂಡು ಬಂದರು. ಆರು ತಿಂಗಳ ಹಿಂದೆ ಅವರ ಮಗಳು ಹಂಸಾ ಆಡುತ್ತಿದ್ದ ಆಟವನ್ನು ಹಾಗೇ ಬಿಟ್ಟು, "ಐದು ನಿಮಿಷ, ಬಂದೆ" ಎಂದು ಸ್ಕೂಟರಿನಲ್ಲಿ ಮಡಿವಾಳಕ್ಕೆ ಹೊರಟಿದ್ದಳು. ದಾರಿಯಲ್ಲಿ ಲಾರಿ ಬಡಿಯಿತು. ಮನೆಯಲ್ಲಿ ರೆಕಾರ್ಡಿಂಗ್ ಮಾತ್ರ ಡಿಸ್ಕ್ ತುಂಬುವವರೆಗೂ ಓಡಿತ್ತು. ಹತ್ತು ನಿಮಿಷ ಅವಳ ಆಟ. ಆಮೇಲೆ ಮುಕ್ಕಾಲು ಗಂಟೆ ಒಂದು ಗೋಡೆ, ಒಂದು ಮುಚ್ಚಿದ ಬಾಗಿಲು, ಆಟದಲ್ಲಿ ಅವಳು ಹಿಡಿದ ಬಂದೂಕಿನ ತುದಿ.

"ಡಿಸ್ಕು ಟಿಕ್ ಟಿಕ್ ಅಂತಿದೆಯಪ್ಪ, ಇನ್ನೆಷ್ಟು ದಿನ ಬರತ್ತೋ. ಸೀಡಿಗೆ ಹಾಕಿಕೊಡಿ. ಏನೂ ಕಳೀಬಾರ್ದು," ಎಂದರು ರಾಯರು.

"ಒಂದೆಳೀನೂ ಕಳಿಯಂಗಿಲ್ಲ ಬಿಡ್ರಿ ಸರ," ಎಂದ ಮೌನೇಶ.

ಆಡಿದ ಭಾಗ ಸಲೀಸಾಗಿ ಕುಗ್ಗಿತು. ಏನೂ ನಡೆಯದ ಮುಕ್ಕಾಲು ಗಂಟೆ ಮಾತ್ರ ಕುಗ್ಗಲೊಲ್ಲದು. ಚಿತ್ರವನ್ನು ದೊಡ್ಡದು ಮಾಡಿ ನನ್ನನ್ನು ಕರೆದು ತೋರಿಸಿದ. ಬಂದೂಕಿನ ತುದಿ ಒಂದೆಳೆಯಷ್ಟು ಏರುತ್ತಿತ್ತು, ಇಳಿಯುತ್ತಿತ್ತು, ಮಲಗಿದ ಮಗುವಿನ ಎದೆಯ ಹಾಗೆ. ಮೌಸ್ ಹಿಡಿದ ಕೈ ಅಲುಗಿದರೆ ಮಾತ್ರ ಆ ತುದಿ ಅಲುಗುವುದು ಎಂದ. ಆದರೂ, "ಡಿಸ್ಕು ಕೆಟ್ಟಿದ್ಯಲ್ಲ, ಅದರ ಗಲೀಜಿರ್ಬೇಕು, ತೆಗ್ದು ಹಾಕು" ಎಂದವಳು ನಾನೇ. ನನ್ನ ಬಾಯಿಗೆ ಬೆಂಕಿ ಹಾಕ. ಅವನು ಚಿತ್ರ ತೊಳೆಯುವ ಪ್ರೋಗ್ರಾಂ ಓಡಿಸಿದ. ಫೈಲು ಸೀಡಿಯಲ್ಲಿ ಹಿಡಿಸಿ ಜಾಗವೂ ಮಿಕ್ಕಿತು. ರೂಢಿಯಂತೆ ಮೂಲವನ್ನು ಅಳಿಸಿದ. ಆ ಮಧ್ಯಾಹ್ನವೇ ರಾಯರ ಡಿಸ್ಕೂ ಸತ್ತಿತು.

ಮರುದಿನ ರಾಯರು ಅಂಗಡಿಯಲ್ಲೇ ಕೂತು ನೋಡಿದರು. ಗೋಡೆ ಬಂದಾಗ ಕನ್ನಡಕ ಒರೆಸಿಕೊಂಡು ಮುಂದಕ್ಕೆ ಬಾಗಿದರು. ಬಹಳ ಹೊತ್ತು ಕಾದರು.

"ಇವಳು ಅಲುಗ್ತಿಲ್ವಲ್ಲ," ಎಂದರು.

ಮೌನೇಶ ನನ್ನ ಮುಖ ನೋಡಿದ.

"ಎದ್ದು ಹೋದ್ಮೇಲೆ ಸ್ವಲ್ಪ ಹೊತ್ತು ಏನೂ ಇರಲ್ಲ. ಲೆಕ್ಕ ಹಾಕಿ ನೋಡಿದೀನಿ, ಅವತ್ತು ಸಾಯಂಕಾಲ ನಾಲ್ಕೂ ಇಪ್ಪತ್ತಕ್ಕೆ ಅಲುಗೋದು ಶುರುವಾಗತ್ತೆ. ಅವಳು ಹೋದ ಟೈಮು ಅಂತ ಆಸ್ಪತ್ರೆಯವರು ಬರ್ಕೊಟ್ಟಿದ್ದೂ ಅದೇ. ದಿನಾ ಅದನ್ನೇ ನೋಡ್ತಿದ್ದೆ."

ಮೌನೇಶ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ. ರಾಯರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ತೆಗ್ದಿದ್ದನ್ನ ಎಲ್ಲಿ ಹಾಕಿದ್ರಿ?"

"ಎಲ್ಲೂ ಹಾಕೂದಿಲ್ರಿ ಸರ. ಹೋಗಿಬಿಡ್ತದ."

"ಎಲ್ಲಿಗೆ?"

ರಾಯರು ಸೀಡಿಯನ್ನು ಅಲ್ಲೇ ಬಿಟ್ಟು ಹೊರಟುಹೋದರು. "ನಮ್ಮಪ್ಪ ಅಕ್ಕಸಾಲಿಗ ಅಕ್ಕಾರ," ಎಂದ ಮೌನೇಶ. "ಬಂಗಾರದ ಚೂರು ಇರ್ತದಂತ ಅಂಗಡಿ ಕಸಾನೂ ಚೆಲ್ಲತಿರ್ಲಿಲ್ಲ. ಅವನ ಮಗ ಆಗಿ ನಾ ಚೆಲ್ಲಿದೆ ನೋಡ್ರಿ." ಅಂದಿನಿಂದ ಆ ಕಸುಬು ಬಿಟ್ಟ. ಟೈಪಿಂಗು, ಪ್ರಿಂಟು ಅಷ್ಟೇ.

ಮುಂದಿನ ವಾರದಿಂದ ರಾಯರು ದಿನಾ ನಾಲ್ಕು ಗಂಟೆಗೆ ಬರತೊಡಗಿದರು. ಮೌನೇಶನೇ ಮನೆಗೆ ಹೋಗಿ ಕರೆದು ಬಂದಿದ್ದನಂತೆ. ಏನು ಸಮಾಚಾರ ನೋಡೋಣ ಎಂದು ಒಂದು ದಿನ ಒಳಗೆ ಹೋದೆ. ಇಬ್ಬರೂ ಕೈಕಟ್ಟಿ ಕೂತಿದ್ದರು. ಮೇಜಿನ ಮೇಲೆ ಮೌಸ್ ತನ್ನ ಪಾಡಿಗೆ ಇತ್ತು. ಆ ಚಿತ್ರ ತೊಳೆದಿದ್ದ ಕಂಪ್ಯೂಟರಿನ ಪರದೆಯ ಮೇಲೆ ಬಾಣದ ಗುರುತು ಒಂದೆಳೆ ಏರುತ್ತಿತ್ತು, ಒಂದೆಳೆ ಇಳಿಯುತ್ತಿತ್ತು.

"ಮೌಸ್ ಕೆಟ್ಟಿದೆ ಕಣೋ," ಎಂದೆ.

"ಆಗಲೇ ಮೂರು ಬದಲಿ ಮಾಡೇನ್ರಿ," ಎಂದ.

ದೆವ್ವ ಎಂದರೆ ನಗುವವಳು ನಾನು. ನಿಲ್ಲಿಸಿ ತೋರಿಸೋಣವೆಂದು ಮೌಸಿನ ಮೇಲೆ ಕೈಯಿಡಲು ಹೋದೆ.

"ಬೇಡಮ್ಮ," ಎಂದರು ರಾಯರು. "ಅಲ್ಲಿ ಅವಳ ಕೈ ಇದೆ."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.