ಕೊನೆಯ ದೊರೆಯ ಕೆಂಪು ಜೋಡು

ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಬೀಳುವುದು ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಮೇಲೆ. ತಲೆ ತಗ್ಗಿಸಿ ಬರುವ ನನ್ನನ್ನು ಕಂಡು ವಿನಯವಂತನೆಂದು ಮೆಚ್ಚಿದವರೂ ಉಂಟು. ನನ್ನ ಹೆಂಡತಿ ಮಾತ್ರ ಇದಕ್ಕೆ ಪತ್ತೇದಾರಿ ಚಾಳಿಯೆಂದು ಸರಿಯಾಗಿಯೇ ಹೆಸರಿಟ್ಟಿದ್ದಾಳೆ. ಹಿಮ್ಮಡಿ ಒಂದೇ ಕಡೆ ಸವೆದಿದ್ದರೆ ಯಜಮಾನರು ಒಳಗಿದ್ದಾರೆ, ಹರಿದ ಪಟ್ಟಿಗೆ ಪಿನ್ನು ಚುಚ್ಚಿದ್ದರೆ ಕಾಲೇಜಿನ ಮಗಳು ಬಂದಿದ್ದಾಳೆ, ಮಿರಮಿರನೆ ಹೊಳೆಯುವ ಬೂಟುಗಳಿದ್ದರೆ ತಾಸುಗಟ್ಟಲೆ ಕೊರೆಯುವ ಷಡ್ಡಕರು ಆಸೀನರಾಗಿದ್ದಾರೆ, ಆದ್ದರಿಂದ ಸದ್ದಿಲ್ಲದೆ ಹಿಂದಿರುಗುವುದು ಕ್ಷೇಮ. ಈ ಪಾದರಕ್ಷಾಶಾಸ್ತ್ರದಲ್ಲಿ ಮಹಾಪಂಡಿತನೆಂದು ಬೀಗುತ್ತಿದ್ದ ನಾನು ಒಮ್ಮೆ ಪೂರ್ತಿ ಸೋತದ್ದುಂಟು. ಅದನ್ನು ಹೇಳಬೇಕಾದರೆ ಐನೂರು ವರ್ಷಗಳ ಹಿಂದಿನ ಒಬ್ಬ ಗ್ರೀಕ್ ಚಕ್ರವರ್ತಿಯನ್ನು ಅಜ್ಜಂಪುರದವರೆಗೂ ಕರೆತರಬೇಕಾಗುತ್ತದೆ, ಸ್ವಲ್ಪ ಸಹಿಸಿಕೊಳ್ಳಿ.

ಎಪ್ಪತ್ತರ ದಶಕದಲ್ಲಿ ನಾನು ಅಲ್ಲಿನ ಒಂದು ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಸೇರಿದೆ. ಚರಿತ್ರೆ ಹೇಳುತ್ತಿದ್ದ ರುದ್ರಪ್ಪ ಮೇಷ್ಟ್ರ ಮನೆಯ ಮುಂದಿನ ಕೋಣೆಯೇ ನನ್ನ ಬಿಡಾರವಾಯಿತು. ಶಾಲೆಯಲ್ಲಿ ನಮ್ಮಿಬ್ಬರ ತರಗತಿಗಳ ನಡುವೆ ಇದ್ದದ್ದು ಒಂದು ಬಿದಿರು ತಟ್ಟಿ ಮಾತ್ರ. ನಾನು ಅಯಸ್ಕಾಂತದ ಗುಣಗಳನ್ನು ಎಷ್ಟೇ ವರ್ಣಿಸಿದರೂ ನನ್ನ ಹುಡುಗರ ಕಿವಿಗಳೆಲ್ಲ ತಟ್ಟಿಯ ಆಚೆಗೇ ಆಕರ್ಷಿತವಾಗುತ್ತಿದ್ದವು. ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾಯಿತು, ಅದರಿಂದ ಯೂರೋಪಿನವರು ಭಾರತಕ್ಕೆ ಸಮುದ್ರಮಾರ್ಗ ಹುಡುಕಿದರು ಎಂದು ಪಠ್ಯಪುಸ್ತಕ ಒಂದೇ ವಾಕ್ಯದಲ್ಲಿ ಮುಗಿಸಿದ್ದನ್ನು ಮೇಷ್ಟ್ರು ವಾರವಿಡೀ ಹೇಳುತ್ತಿದ್ದರು. ಆ ನಗರದ ಕೊನೆಯ ಚಕ್ರವರ್ತಿಯ ಹೆಸರನ್ನು ಮಾತ್ರ ಹೇಳುತ್ತಿರಲಿಲ್ಲ, ಅವರ ಬಾಯಲ್ಲಿ ಅವನು ಯಾವತ್ತೂ "ನಮ್ಮ ದೊರೆ."

"ಪಟ್ಟ ಕಟ್ಟಿದ್ದು ರಾಜಧಾನೀಲಲ್ಲ ಕಣ್ರೋ, ಎಲ್ಲೋ ದೂರದ ಊರಲ್ಲಿ. ಸಿಂಹಾಸನಕ್ಕೆ ಬಂದಿದ್ದೂ ಯಾರದೋ ಹಡಗು ಹತ್ಕೊಂಡು," ಎಂದು ಶುರುವಾಗುತ್ತಿತ್ತು. ಸಾಮ್ರಾಜ್ಯವೆಂದರೆ ಆಗ ಉಳಿದದ್ದು ಬಹುಮಟ್ಟಿಗೆ ಒಂದು ಕೋಟೆ. ಅದರೊಳಗೂ ಬೀದಿಗಳು ಹಾಳುಬಿದ್ದು ಜನ ಗೋಧಿ ಬಿತ್ತುತ್ತಿದ್ದರು. ದೊರೆಯ ಇಬ್ಬರು ಹೆಂಡಿರೂ ಸತ್ತಿದ್ದರು, ಮಕ್ಕಳಿರಲಿಲ್ಲ. ಆಪ್ತನೊಬ್ಬನನ್ನು ಹಡಗು ಹತ್ತಿಸಿ ಪೂರ್ವದ ರಾಜ್ಯಗಳಿಗೆ ಹೆಣ್ಣು ನೋಡಲು ಕಳಿಸಿದ, ಸಂಬಂಧವೂ ಕುದುರಿತು. ಅಷ್ಟರಲ್ಲಿ ಕೋಟೆಯ ಮುಂದೆ ತುರ್ಕರ ತೋಪುಗಳು ಬಂದು ನಿಂತವು. ಊರು ಒಪ್ಪಿಸಿದರೆ ಜೀವ ಉಳಿಸುತ್ತೇವೆಂದರೂ ದೊರೆ ಒಪ್ಪಲಿಲ್ಲ. ಕೊನೆಯ ದಿನ ಗೋಡೆ ಬಿರಿದಾಗ ರಾಜಚಿಹ್ನೆಗಳನ್ನೆಲ್ಲ ಕಿತ್ತೆಸೆದು ಸಾಮಾನ್ಯ ಸೈನಿಕರ ಜೊತೆ ನುಗ್ಗಿದ. ಹದ್ದಿನ ಗುರುತಿದ್ದ ಕೆಂಪು ಜೋಡನ್ನು ಮಾತ್ರ ಬಿಚ್ಚುವುದು ಮರೆತ. ಅದನ್ನು ನೋಡಿಯೇ ಹೆಣವನ್ನು ಗುರುತಿಸಿದರೆಂದು ಕೆಲವರು, ಹೆಣವೇ ಸಿಗಲಿಲ್ಲವೆಂದು ಕೆಲವರು, ದೇವದೂತನೊಬ್ಬ ಅವನನ್ನು ಕಲ್ಲು ಮಾಡಿ ಗುಹೆಯಲ್ಲಿ ಮಲಗಿಸಿದ್ದಾನೆ, ಮತ್ತೆ ಎದ್ದು ಬರುತ್ತಾನೆಂದು ಕೆಲವರು.

"ಹಂಗಾರೆ ಸತ್ನೋ ಇಲ್ವೋ, ಸಾ?" ಎಂದು ಹುಡುಗರು ಕೇಳುತ್ತಿದ್ದರು.

"ಪರೀಕ್ಷೇಲಿ ಸತ್ತ ಅಂತ ಬರೀರಿ," ಎಂದಷ್ಟೇ ಹೇಳಿ ಮೇಷ್ಟ್ರು ಪುಸ್ತಕ ಮಡಚುತ್ತಿದ್ದರು.

ಅವರ ಮನೆಯ ಹೊಸ್ತಿಲ ಪಕ್ಕ ಮೇಷ್ಟ್ರ ಚಪ್ಪಲಿ, ಅವರ ಹೆಂಡತಿ ಗಿರಿಜಮ್ಮನವರ ಚಪ್ಪಲಿ, ಇವುಗಳ ಜೊತೆ ದೊಡ್ಡ ಅಳತೆಯ ಇನ್ನೊಂದು ಜೊತೆ ಇರುತ್ತಿತ್ತು. ಒರೆಸಿ ಇಟ್ಟ ಒಳ್ಳೆಯ ಚರ್ಮದ ಚಪ್ಪಲಿ. ಬೆಳೆದ ಮಗನಿದ್ದಾನೆ, ತಡವಾಗಿ ಏಳುವ ಸುಖಜೀವಿ ಎಂದು ನನ್ನ ಶಾಸ್ತ್ರ ನಿರ್ಣಯಿಸಿತು. ಬೆಳಗ್ಗೆ ನಾನು ಬಕೆಟ್ಟನ್ನೂ ಸದ್ದು ಮಾಡದೆ ಇಡುತ್ತಿದ್ದೆ. ಕೆಲವು ದಿನಗಳ ಮೇಲೆ ಶಾಲೆಯ ಜವಾನ ನನ್ನನ್ನು ಪಕ್ಕಕ್ಕೆ ಕರೆದು ವಿಷಯ ತಿಳಿಸಿದ. ಒಬ್ಬನೇ ಮಗ ನಿಜಗುಣ ಹಿಂದಿನ ಮಳೆಗಾಲದಲ್ಲಿ ಗೆಳೆಯರ ಜೊತೆ ಹೆಬ್ಬೆ ಜಲಪಾತಕ್ಕೆ ಹೋದವನು ಬಂಡೆಯ ಮೇಲೆ ಚಪ್ಪಲಿ ಬಿಟ್ಟು ನೀರಿಗಿಳಿದಿದ್ದ. ಗೆಳೆಯರು ತಂದು ಕೊಟ್ಟದ್ದು ಚಪ್ಪಲಿಯನ್ನು ಮಾತ್ರ. ಮೇಷ್ಟ್ರ ಜನರಲ್ಲಿ ಸತ್ತವರ ಅಂಗೈಯಲ್ಲಿ ಲಿಂಗವಿಟ್ಟು, ಕೂರಿಸಿ ಮಣ್ಣು ಮಾಡುವುದು ಪದ್ಧತಿ. ಕೂರಿಸಲು ದೇಹವಿಲ್ಲದೆ ಯಾವ ಕಾರ್ಯವೂ ನಡೆದಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಇದ್ದಮೇಲೆ ಮನುಷ್ಯ ಮನೆಯಲ್ಲಿರಲೇಬೇಕೆಂಬ ನನ್ನ ಶಾಸ್ತ್ರವನ್ನೇ ಆ ತಾಯಿಯೂ ನೆಚ್ಚಿಕೊಂಡಿದ್ದರು. ಮೇಷ್ಟ್ರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಒಂದು ಭಾನುವಾರ ಮೇಷ್ಟ್ರು ಪೇಟೆಗೆ ಹೋಗಿದ್ದಾಗ ಕಡೂರಿನಿಂದ ಮದುವೆ ದಲ್ಲಾಳಿಯೊಬ್ಬ ಬಂದ. ಮೇಷ್ಟ್ರಿಗೆ ಮದುವೆಗೆ ಬಂದ ಮಗನಿದ್ದಾನೆಂದು ಯಾರೋ ಹಳೆಯ ಸುದ್ದಿ ಹೇಳಿದ್ದರಂತೆ. ಜಗಲಿಯಲ್ಲಿ ಕೂತಿದ್ದ ನನಗೆ ಕೈಮುಗಿದು, ಹೊಸ್ತಿಲ ಕಡೆ ನೋಡಿ, "ಹುಡುಗ ಮನೇಲೇ ಅವ್ನೆ, ಒಳ್ಳೇದಾಯ್ತು," ಎಂದ. ನಾನು ಬಾಯಿ ತೆರೆಯುವ ಮೊದಲೇ ಗಿರಿಜಮ್ಮ ಹೊರಗೆ ಬಂದರು.

"ಮಲಗವ್ನೆ. ಬತ್ತಾನೆ, ಕೂತ್ಕಳಿ."

ಕಾಫಿ ಬಂತು. ಹುಡುಗಿಯ ಫೋಟೋವನ್ನು ಸೆರಗಿನಲ್ಲಿ ಒರೆಸಿ ಒರೆಸಿ ನೋಡಿದರು. ಎಷ್ಟು ಓದಿದ್ದಾಳೆ, ರೊಟ್ಟಿ ತಟ್ಟುತ್ತಾಳೋ, ಹಾಡುತ್ತಾಳೋ ಎಂದೆಲ್ಲ ವಿಚಾರಿಸಿದರು. "ನಮ್ಮುಡುಗ ಭಾರಿ ಉದ್ದ ಕಣಪ್ಪಾ, ಜೋಡಿ ಸರಿಯಾಯ್ತದಾ?" ಎಂದು ನಕ್ಕರು. ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಅಷ್ಟರಲ್ಲಿ ಮೇಷ್ಟ್ರು ಚೀಲ ಹಿಡಿದು ಅಂಗಳದಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದರೋ ತಿಳಿಯದು. ಮೇಲೆ ಬಂದು, ಹೆಂಡತಿಯ ಕೈಯಿಂದ ಫೋಟೋ ತೆಗೆದುಕೊಂಡು ನೋಡಿ, ದಲ್ಲಾಳಿಗೆ ಹಿಂದಿರುಗಿಸಿದರು.

"ಲಕ್ಷಣವಾದ ಹುಡುಗಿ ಕಣ್ರೀ. ಒಳ್ಳೇ ಕಡೆ ಕೊಡ್ಸಿ. ನಮ್ಮ ನಿಜಗುಣ ಇಲ್ಲ. ಹೆಬ್ಬೇಲಿ ನೀರು ಪಾಲಾದ."

"ಯಾಕ್ರೀ ಹಂಗಂತೀರಾ, ಚಪ್ಲಿ ಇಲ್ಲೇ ಐತಲ್ಲ," ಎಂದರು ಗಿರಿಜಮ್ಮ.

"ಸತ್ತೋದ ಕಣೇ ಗಿರಿಜಾ. ನಮ್ಮ ಮಗ ಸತ್ತೋದ."

ಒಂದು ವರ್ಷದಿಂದ ಆ ಮನೆಯಲ್ಲಿ ತಡೆದು ನಿಂತಿದ್ದ ಅಳು ಆಗ ಹೊರಬಿತ್ತು. ದಲ್ಲಾಳಿಯೂ ಅತ್ತ, ನಾನೂ ಅತ್ತೆ.

ಮಾರನೆಯ ಬೆಳಗ್ಗೆ ಹೊಸ್ತಿಲ ಪಕ್ಕ ಆ ಜಾಗ ಬರಿದಾಗಿತ್ತು. ಗಿರಿಜಮ್ಮನೇ ತೆಗೆದಿಟ್ಟಿರಬೇಕೆಂದುಕೊಂಡು ಶಾಲೆಗೆ ಹೋದೆ. ಪಡಸಾಲೆಯಲ್ಲಿ ಪಟಪಟ ಸದ್ದು ಕೇಳಿ ತಿರುಗಿ ನೋಡಿದರೆ ರುದ್ರಪ್ಪ ಮೇಷ್ಟ್ರು ಬರುತ್ತಿದ್ದರು. ಅವರ ಕಾಲಲ್ಲಿ ನಿಜಗುಣನ ಚಪ್ಪಲಿ. ಅಪ್ಪನ ಚಪ್ಪಲಿ ಮಗನ ಕಾಲಿಗೆ ಸರಿಹೋದ ದಿನ ಮನೆಗಳಲ್ಲಿ ಎಷ್ಟು ಹಿಗ್ಗುತ್ತೇವೆ! ಇಲ್ಲಿ ಮಗನ ಚಪ್ಪಲಿ ಅಪ್ಪನಿಗೆ ದೊಡ್ಡದಾಗಿತ್ತು. ಹೆಜ್ಜೆಹೆಜ್ಜೆಗೂ ಹಿಮ್ಮಡಿ ಜಾರುತ್ತಿತ್ತು. "ಅವಳೇ ಕೊಟ್ಳು, ಹಾಕ್ಕೊಳ್ರೀ ಅಂತ," ಎಂದು ನನ್ನ ಮುಖ ನೋಡದೆ ತರಗತಿಯೊಳಗೆ ಹೋದರು. ತುಸು ಹೊತ್ತಿನ ಮೇಲೆ ತಟ್ಟಿಯ ಆಚೆಯಿಂದ ಅವರ ದನಿ ಕೇಳಿತು: "ನಮ್ಮ ದೊರೆ ಸತ್ತ ಕಣ್ರೋ. ಹೆಣ ಸಿಗಲಿಲ್ಲ, ಅಷ್ಟೇ. ಅವನು ಮತ್ತೆ ಬರಲ್ಲ."

ಈಗಲೂ ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಚಪ್ಪಲಿಗಳ ಮೇಲೇ ಬೀಳುತ್ತದೆ. ಹುಟ್ಟುಗುಣ, ಸುಟ್ಟರೂ ಹೋಗದು. ಆದರೆ ಒಳಗೆ ಯಾರಿದ್ದಾರೆಂದು ನಿರ್ಣಯಿಸುವುದನ್ನು ಬಿಟ್ಟಿದ್ದೇನೆ. ಹೊಸ್ತಿಲ ಹೊರಗೆ ನಿಂತು ಹೆಸರು ಹಿಡಿದು ಕೂಗುತ್ತೇನೆ. ಒಳಗಿನಿಂದ "ಬಂದೆ" ಎಂಬ ದನಿ ಕೇಳುವವರೆಗೆ ನನ್ನ ಚಪ್ಪಲಿ ಬಿಡುವುದಿಲ್ಲ.